ಅಪ್‌ಡೇಟ್: ಪೆಡಲ್ ಕೊನೆಗೂ ದಾರಿಗೆ ಬಂತು

ಗಿಟಾರ್ ಪೆಡಲನ್ನು ಯುಎಸ್‌ಬಿಯಲ್ಲಿ ಉಬುಂಟು ಲ್ಯಾಪ್‌ಟಾಪಿಗೆ ಹಾಕಿದರೆ ಆರ್ಡೋರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಸದ್ದೇ ಬರೋದಿಲ್ಲ ಅಂತ ಹೋದ ವಾರ ಕೇಳಿದ್ದೆನಲ್ಲ, ಅದು ಸರಿಹೋಯಿತು. ಡ್ರೈವರ್ ಏನೂ ಬೇಕಿರಲಿಲ್ಲ, ಸುಮ್ನೆ ಎರಡು ದಿನ ಹುಡುಕಾಡಿದೆ. ನನ್ನ ಪೆಡಲ್ 44,100 ಹರ್ಟ್ಸ್ ಸ್ಯಾಂಪಲ್ ರೇಟಿನಲ್ಲಿ (ಸೆಕೆಂಡಿಗೆ ಅಷ್ಟು ಸಲ ಸದ್ದನ್ನು ಅಳೆಯೋದು) ಮಾತ್ರ ಓಡುತ್ತದೆ, ನಾನು ಸೆಷನ್ ತೆರೆದದ್ದು 48,000ಕ್ಕೆ! ಅದನ್ನು ಬದಲಿಸಿ, ನನ್ನ ಯೂಸರ್ ಹೆಸರನ್ನು ಉಬುಂಟುವಿನ ಆಡಿಯೋ ಗ್ರೂಪಿಗೆ (ಸದ್ದಿನ ಕೆಲಸಕ್ಕೆ ಅನುಮತಿ ಇರೋ ಬಳಕೆದಾರರ ಪಟ್ಟಿ) ಸೇರಿಸಿ, ಬಫರ್ (ಒಂದೊಂದು ಸಲಕ್ಕೆ ಕೂಡಿಟ್ಟು ಕಳಿಸೋ ಸದ್ದಿನ ತುಣುಕು) 128 ಸ್ಯಾಂಪಲ್ಲಿಗೆ ಇಳಿಸಿದೆ. ಒಂದು ಬಫರಿಗೆ ಸುಮಾರು 2.9 ಮಿಲಿಸೆಕೆಂಡ್ ಆಗುತ್ತದೆ, ಬೆರಳಿಗೆ ತಡ ಅನ್ನಿಸೋದಿಲ್ಲ. 64ಕ್ಕೆ ಇಳಿಸಿದರೆ ಮಾತ್ರ ಪಟಪಟ ಸದ್ದು.

ಗಿಟಾರ್ ಸದ್ದಿನ ಜೊತೆ ಗುಂಯ್ ಅನ್ನುತ್ತಿದ್ದದ್ದು ಬೇರೆ ಕತೆ. ಪುಣೆಯಲ್ಲಿ ನಾವಿರೋದು ಕೊತ್ರೂಡಿನ ಹಳೇ ಬಿಲ್ಡಿಂಗ್, ಲ್ಯಾಪ್‌ಟಾಪ್ ಚಾರ್ಜರ್ ಹಾಕೋ ಪ್ಲಗ್ಗಿಗೆ ಅರ್ಥಿಂಗೇ ಇಲ್ಲ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನುಡಿಸಿದೆ, ನಿಂತಿತು. ಈಗ ಉಳಿದಿರೋದು ಪಕ್ಕದ ಮನೆಯ ಕುಕ್ಕರ್ ವಿಸಿಲ್, ಆದರೆ ಕೇಬಲ್‌ನಲ್ಲಿ ಅದು ಬರೋದಿಲ್ಲ ಅಲ್ವಾ!