‘ಚಿಕಿತ್ಸೆಯ ಪರೀಕ್ಷೆ’ ಅಂದ್ರೆ ಪರೀಕ್ಷೆ ಯಾರಿಗೆ? ಜೊತೆಗೆ ಒಳಪೆಟ್ಟು, ನರ, ಹುಸಿಮದ್ದು

ಎಲ್ಲರಿಗೂ ನಮಸ್ಕಾರ,

ಒಂದು ಅನುವಾದದಲ್ಲಿ ಸಿಕ್ಕಾಕ್ಕೊಂಡಿದೀನಿ, ಸ್ವಲ್ಪ ಕೈ ಹಿಡೀರಿ. ತಲೆಗೆ ಪೆಟ್ಟು ಬಿದ್ದು ತಿಂಗಳುಗಟ್ಟಲೆ ಆದ್ರೂ ತಲೆನೋವು ಬಿಡದೇ ಇರೋರಿಗೆ ಇಂಜೆಕ್ಷನ್ ಕೊಟ್ಟು ಅದು ಕೆಲಸ ಮಾಡುತ್ತಾ ಇಲ್ವಾ ಅಂತ ನೋಡೋ ಕ್ಲಿನಿಕಲ್ ಟ್ರಯಲ್, ಅದಕ್ಕೆ ಸೇರೋರ ಕೈಗೆ ಕೊಡೋ ಮಾಹಿತಿ ಪತ್ರ ಇದು. ಮೊದಲ ಕರಡಿಗೆ ನಾನು ಹಾಕಿದ ತಲೆಬರಹ "ತಲೆಗಾಯದ ನಂತರದ ದೀರ್ಘಕಾಲಿಕ ತಲೆನೋವಿಗೆ ಚುಚ್ಚುಮದ್ದು ಚಿಕಿತ್ಸೆಗಳ ಪರೀಕ್ಷೆ". ವ್ಯಾಕರಣ ಸರಿ, ನಿಘಂಟೂ ಒಪ್ಪುತ್ತೆ. ನಮ್ಮ ಅತ್ತಿಗೆಗೆ ಓದಿ ಹೇಳ್ದೆ, ಅವರಿಗೂ ಒಂದ್ಸಲ ಜಾರಿ ಬಿದ್ದಾಗಿಂದ ತಲೆನೋವು ಇದೆ. ಪೂರ್ತಿ ಕೇಳಿಸ್ಕೊಂಡು ಅಂದ್ರು, "ನಂಗೆ ಗಾಯ ಎಲ್ಲಾಗಿತ್ತೋ, ಒಂದು ಹನಿ ರಕ್ತಾನೂ ಬಂದಿರ್ಲಿಲ್ಲ, ಇದು ನನ್ನಂಥೋರಿಗಲ್ಲ ಬಿಡು. ಪರೀಕ್ಷೇನೂ ಮಾಡ್ಸಿ ಆಗಿದೆ, ಸ್ಕ್ಯಾನ್ ನಾರ್ಮಲ್ ಬಂತಲ್ಲ." ಒಂದು ತಲೆಬರಹದಲ್ಲಿ ಎರಡು ಪದ ಅಲ್ಲೇ ಬಿದ್ದೋಯ್ತು. ಕೂತು ನೋಡಿದ್ರೆ ಉಳಿದವೂ ಅಷ್ಟೇನೂ ಗಟ್ಟಿ ಇಲ್ಲ.

ಗಾಯ ಅನ್ನೋದನ್ನ ಬೇಗ ಮುಗಿಸ್ತೀನಿ. ನಮಗೆ ಗಾಯ ಅಂದ್ರೆ ಚರ್ಮ ಹರಿದಿರಬೇಕು, ರಕ್ತ ಬಂದಿರಬೇಕು. ಈ ತರದ ತಲೆನೋವು ಬರೋರಲ್ಲಿ ಎಷ್ಟೋ ಜನಕ್ಕೆ ಹೊರಗೆ ಗೀರೂ ಇರಲ್ಲ, ಸ್ಕ್ಯಾನಲ್ಲೂ ಏನೂ ಕಾಣಲ್ಲ, ತಲೆ ಜೋರಾಗಿ ಅಲುಗಾಡಿರುತ್ತೆ ಅಷ್ಟೆ. ಇದಕ್ಕೆ ನಮ್ಮಲ್ಲಿ ಚೆಂದದ ಮಾತಿದೆ, ಒಳಪೆಟ್ಟು. "ಹೊರಗೇನೂ ಕಾಣಲ್ಲ, ಒಳಪೆಟ್ಟಾಗಿದೆ" ಅಂತ ಯಾರು ಬೇಕಾದ್ರೂ ಹೇಳ್ತಾರೆ. ಆದ್ರೆ ಗಾಯ ಆಗಿರೋರೂ ಈ ಟ್ರಯಲ್‌ಗೆ ಬರಬಹುದು ಅಂತ ನಾನು ಬರೀ ‘ಪೆಟ್ಟು’ ಇಟ್ಕೊಂಡಿದೀನಿ. ಇನ್ನೊಂದು ಸೂಕ್ಷ್ಮ ಇದೆ, ಪೆಟ್ಟಿನ *ನಂತರ* ಅನ್ನೋಣವೋ ಪೆಟ್ಟಿ*ನಿಂದ* ಅನ್ನೋಣವೋ. ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದ 3ನೇ ಆವೃತ್ತಿ (2018) ಪ್ರಕಾರ ಪೆಟ್ಟು ಬಿದ್ದು 7 ದಿನದೊಳಗೆ, ಅಥವಾ ಪ್ರಜ್ಞೆ ತಪ್ಪಿದ್ರೆ ಪ್ರಜ್ಞೆ ಬಂದು 7 ದಿನದೊಳಗೆ, ಶುರುವಾದ ನೋವನ್ನ ಆ ಪೆಟ್ಟಿನ ಲೆಕ್ಕಕ್ಕೆ ಬರೀತಾರೆ. ಅಂದ್ರೆ ನಂತರ ಬಂತು ಅನ್ನೋದನ್ನ ನೋಡಿ ಅದರಿಂದಾನೇ ಬಂತು ಅಂತ ತೀರ್ಮಾನಿಸೋ ಒಂದು ಕಟ್ಟಳೆ. ನಾನು "ಪೆಟ್ಟು ಬಿದ್ದಮೇಲೆ ಶುರುವಾದ" ಅಂತ ಹಾಕಿದೀನಿ, ‘ಮೇಲೆ’ ಎರಡಕ್ಕೂ ಸ್ವಲ್ಪ ಸ್ವಲ್ಪ ಒಗ್ಗುತ್ತೆ ಅಂತ.

ದೀರ್ಘಕಾಲಿಕ. ಇಲ್ಲಿ ಮಜಾ ಇದೆ. ಮೂರು ತಿಂಗಳು ದಾಟಿದ್ರೆ ಈ ತಲೆನೋವಿಗೆ ಹಳೇ ಆವೃತ್ತಿಯಲ್ಲಿ ‘ಕ್ರಾನಿಕ್’ ಅಂತಿದ್ರು, ಈಗ ‘ಪರ್ಸಿಸ್ಟೆಂಟ್’ ಅಂತಾರೆ, ಯಾಕಂದ್ರೆ ಮೈಗ್ರೇನಿನಲ್ಲಿ ಕ್ರಾನಿಕ್ ಅನ್ನೋದಕ್ಕೆ ಬೇರೇದೇ ಲೆಕ್ಕ ಇದೆ, ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ತಲೆನೋವು, ಅದೂ ಮೂರು ತಿಂಗಳಿಗಿಂತ ಹೆಚ್ಚು ಕಾಲ. ಒಂದು ‘ಎಷ್ಟು ದಿನದಿಂದ ಇದೆ’ ಅನ್ನೋದು, ಇನ್ನೊಂದು ‘ತಿಂಗಳಿಗೆ ಎಷ್ಟು ದಿನ ಬರುತ್ತೆ’ ಅನ್ನೋದು. ನಮ್ಮ ದೀರ್ಘಕಾಲಿಕದಲ್ಲಿ ಎರಡೂ ಕಲಸಿಹೋಗುತ್ತೆ. ಪರ್ಸಿಸ್ಟೆಂಟಿಗೆ ನನಗೆ ಹೊಳೆದದ್ದು ‘ಬಿಡದ ತಲೆನೋವು’, ಕ್ರಾನಿಕ್ ಮೈಗ್ರೇನಿಗೆ ‘ಪದೇ ಪದೇ ಬರೋ ಅರೆತಲೆನೋವು’. (ಅಂದಹಾಗೆ ಮೈಗ್ರೇನ್ ಪದದ ಮೂಲ ಗ್ರೀಕಿನ ಹೆಮಿಕ್ರೇನಿಯಾ, ಅರ್ಧ ತಲೆಬುರುಡೆ ಅಂತ. ಸಂಸ್ಕೃತದವರು ಅರ್ಧಾವಭೇದಕ ಅಂದ್ರು, ನಾವು ಅರೆತಲೆನೋವು ಅಂದ್ವಿ. ಎಲ್ಲರ ತಲೆನೂ ಅರ್ಧಾನೇ ನೊಂದಿದೆ.) ಆಯುರ್ವೇದದ ದಾರೀಲಿ ‘ಜೀರ್ಣ’ ಅಂತ ಹಾಕಬಹುದಲ್ಲ, ಜೀರ್ಣಜ್ವರ (ಹಳೇ ಜ್ವರ) ಇದೆಯಲ್ಲ, ಅಂತ ಒಬ್ಬ ಹಿರಿಯರು ಸೂಚಿಸಿದ್ರು. ‘ಜೀರ್ಣ ತಲೆನೋವು’ ಅಂದ್ರೆ ಈಗಿನ ಓದುಗ ಊಟ ಅರಗದೆ ಬಂದ ತಲೆನೋವು ಅಂದ್ಕೋತಾನೆ, ಬೇಡ. ‘ತೀವ್ರ’ದ ತಂಟೆಗಂತೂ ಹೋಗಲೇಬೇಡಿ, ಅಕ್ಯೂಟ್‌ಗೂ (ದಿಢೀರ್ ಬಂದದ್ದು) ಅದೇ ಸಿವಿಯರ್‌ಗೂ (ಜೋರಾದದ್ದು) ಅದೇ ಅಂತ ಬಳಸಿ ಬಳಸಿ ಆ ಪದ ಯಾವುದಕ್ಕೂ ಉಪಯೋಗಕ್ಕೆ ಬರದ ಹಾಗಾಗಿದೆ.

ಈಗ ಸೂಜಿ ವಿಷಯ. ಚುಚ್ಚುಮದ್ದು ಒಳ್ಳೇ ಪದ, ಆದ್ರೆ ಪತ್ರಿಕೆಗಳಲ್ಲಿ ಅದು ಲಸಿಕೆಗೂ ಓಡಾಡಿ ಈಗ ಕೇಳಿದವರ ಮನಸ್ಸಿಗೆ ಮೊದಲು ಬರೋದು ಲಸಿಕೇನೇ. ಜನ ಆಡೋದು ಇಂಜೆಕ್ಷನ್, ಇಲ್ಲಾ ಸೂಜಿ. ನಾನು ಇಂಜೆಕ್ಷನ್ ಅಂತಲೇ ಬಿಟ್ಟಿದೀನಿ. ತೊಂದರೆ ಇರೋದು ‘ಎಲ್ಲಿಗೆ’ ಅನ್ನೋದರಲ್ಲಿ. ಈ ತರದ ನೋವಿಗೆ ನೋಡ್ತಿರೋ ಇಂಜೆಕ್ಷನ್‌ಗಳು ಮುಖ್ಯವಾಗಿ ಮೂರು ಬಗೆ. ಒಂದು ಬೊಟುಲಿನಮ್ ಟಾಕ್ಸಿನ್ (ಬೊಟಾಕ್ಸ್ ಅಂತಾರಲ್ಲ, ಅದು), ಅಮೆರಿಕದಲ್ಲಿ 2010ರಲ್ಲಿ ಕ್ರಾನಿಕ್ ಮೈಗ್ರೇನಿಗೆ ಒಪ್ಪಿಗೆ ಸಿಕ್ಕಿದ್ದು, ಹಣೆ, ಕಣತಲೆ, ಹೆಡತಲೆ, ಕತ್ತು, ಭುಜ ಅಂತ 31 ಜಾಗದ ಸ್ನಾಯುಗಳಿಗೆ ಒಟ್ಟು 155 ಯೂನಿಟ್ಟು, 12 ವಾರಕ್ಕೊಮ್ಮೆ. ಎರಡನೇದು ಮೈಗ್ರೇನ್ ನೋವಲ್ಲಿ ಕೈವಾಡ ಇರೋ ಸಿಜಿಆರ್‌ಪಿ ಅನ್ನೋ ಪೆಪ್ಟೈಡಿನ ದಾರಿ ಕಟ್ಟೋ ಆಂಟಿಬಾಡಿಗಳು, 2018ರಲ್ಲಿ ಎರೆನುಮ್ಯಾಬ್‌ನಿಂದ ಶುರುವಾದವು, ಹೆಚ್ಚಿನವು ಚರ್ಮದ ಕೆಳಗೆ, ಸಾಮಾನ್ಯವಾಗಿ ತಿಂಗಳಿಗೊಂದ್ಸಲ. ಮೂರನೇದು ಆಕ್ಸಿಪಿಟಲ್ ನರ್ವ್ ಬ್ಲಾಕ್, ತಲೆ ಹಿಂಭಾಗದ ನರದ ಸುತ್ತ ಲಿಡೋಕೇನ್ ತರದ ಮರಗಟ್ಟಿಸೋ ಮದ್ದು, ಕೆಲವು ಸಲ ಜೊತೆಗೆ ಸ್ಟೀರಾಯ್ಡು. ಯಾವುದೂ ಪೆಟ್ಟಿನ ತಲೆನೋವಿಗೇ ಅಂತ ಒಪ್ಪಿಗೆ ಪಡೆದದ್ದಲ್ಲ, ಮೈಗ್ರೇನಿನ ಮದ್ದು ಇಲ್ಲಿಗೂ ಆಗುತ್ತಾ ಅನ್ನೋದೇ ಪ್ರಶ್ನೆ, ಅದಕ್ಕೇ ಟ್ರಯಲ್ಲು.

ಮೂರನೇದನ್ನ "ನರಕ್ಕೆ ಇಂಜೆಕ್ಷನ್" ಅಂತ ಬರೆದಿದ್ದೆ. ತಪ್ಪು! ನಾವು ನರಕ್ಕೆ ಇಂಜೆಕ್ಷನ್ ಕೊಟ್ರು ಅನ್ನೋದು ಕೈಯಿನ ರಕ್ತನಾಳಕ್ಕೆ ಕೊಟ್ಟಾಗ. ಸೊಂಟಕ್ಕೆ ಕೊಟ್ರೋ ನರಕ್ಕೆ ಕೊಟ್ರೋ ಅಂತ ಕೇಳ್ತೀವಲ್ಲ, ಅಲ್ಲಿ ನರ ಅಂದ್ರೆ ವೇಯ್ನು. "ಕೈಯಲ್ಲಿ ನರ ಸಿಕ್ತಿಲ್ಲ" ಅಂತ ನರ್ಸ್ ಹುಡುಕೋದೂ ಅದನ್ನೇ. ಪುಸ್ತಕದ ನರ ಬೇರೆ, ಬಾಯಿಮಾತಿನ ನರ ಬೇರೆ. ‘ಬ್ಲಾಕ್’ ಇನ್ನೂ ಕಷ್ಟ, "ಹಾರ್ಟಲ್ಲಿ ಬ್ಲಾಕ್ ಇದೆ" ಅಂತ ಕೇಳಿರೋ ಕಿವಿಗೆ "ನರ ಬ್ಲಾಕ್ ಮಾಡ್ತೀವಿ" ಅಂದ್ರೆ ರೋಗ ತರಿಸ್ತೀವಿ ಅಂದ ಹಾಗೆ. ಸದ್ಯಕ್ಕೆ "ಹೆಡತಲೆ ಮರಗಟ್ಟಿಸೋ ಇಂಜೆಕ್ಷನ್" ಅಂತಿಟ್ಟಿದೀನಿ. ಹೆಡತಲೆ ಎಂಥಾ ಕರಾರುವಾಕ್ಕಾದ ಪದ, ಅದನ್ನ ಬಿಟ್ಟು ‘ತಲೆಯ ಹಿಂಭಾಗ’ ಅಂತ ಬರೀತಾ ಕೂರೋದು ಯಾಕೋ ಗೊತ್ತಿಲ್ಲ, ನಾನೂ ಮೇಲೆ ಅದನ್ನೇ ಮಾಡಿದೀನಿ ನೋಡಿ. ಆದ್ರೆ ಹುಡುಗರಿಗೆ ಹೆಡತಲೆ ಅರ್ಥ ಆಗುತ್ತಾ? ಮರಗಟ್ಟೋದಕ್ಕಿಂತ ಜೋಮು ವಾಸಿಯಾ? ಜೋಮು ಅಂದ್ರೆ ಜುಮುಜುಮು ಇರುತ್ತೆ, ಇಲ್ಲಿ ಆಗೋದು ಮುಟ್ಟಿದ್ದೇ ಗೊತ್ತಾಗದಿರೋದು, ಅದಕ್ಕೇ ಮರಗಟ್ಟುಗೆ ಅಂಟ್ಕೊಂಡಿದೀನಿ.

ನನ್ನ ಮುಖ್ಯ ಪ್ರಶ್ನೆ ಇನ್ನು ಮುಂದೆ. ‘ಚಿಕಿತ್ಸೆಗಳ ಪರೀಕ್ಷೆ’. ಅತ್ತಿಗೆ ಪರೀಕ್ಷೆ ಅಂದ ತಕ್ಷಣ ತನ್ನನ್ನ ಪರೀಕ್ಷೆ ಮಾಡ್ತಾರೆ ಅಂದ್ಕೊಂಡ್ರು, ಎಲ್ಲರೂ ಹಾಗೇ ಅಂದ್ಕೋತಾರೆ, ರಕ್ತ ಪರೀಕ್ಷೆ ಮೂತ್ರ ಪರೀಕ್ಷೆ ಅಂತೆಲ್ಲಾ ಆಸ್ಪತ್ರೇಲಿ ಪರೀಕ್ಷೆಗೆ ಒಳಗಾಗೋದು ರೋಗೀನೇ. ‘ಪ್ರಯೋಗ’ ಹಾಕಿದ್ರೆ ಇನ್ನೊಂದು ಕಡೆ ಎಡವುತ್ತೆ, "ನಮ್ಮ ಮೇಲೆ ಪ್ರಯೋಗ ಮಾಡ್ತಾರೆ" ಅಂದ್ರೆ ಇಲಿ ನೆನಪಾಗುತ್ತೆ, ಹಳಬರಿಗೆ ಮಾಟ ಮಂತ್ರಾನೂ ನೆನಪಾಗುತ್ತೆ. ಹೀಗೆ ಹೆದರಿಸೋ ಪದಕ್ಕಿಂತ ಧೈರ್ಯ ಕೊಡೋ ಪದ ಇನ್ನೂ ಅಪಾಯ ಅನ್ನೋದು ನನ್ನ ಅನಿಸಿಕೆ, ಆ ಪದ ‘ಚಿಕಿತ್ಸೆ’. ಚಿಕಿತ್ಸೆ ಕೊಡ್ತಾರೆ ಅಂದ್ರೆ ವಾಸಿ ಮಾಡೋಕೆ ಗೊತ್ತಿರೋದನ್ನ ಮಾಡ್ತಾರೆ ಅಂತ. ಟ್ರಯಲ್ ನಡೆಸೋದೇ ಗೊತ್ತಿಲ್ಲದಕ್ಕೆ. ಸೇರಿದವರು ಇದೂ ನನಗೋಸ್ಕರ ಕೊಡೋ ಚಿಕಿತ್ಸೆ ಅಂತಲೇ ನಂಬಿಬಿಡೋದಕ್ಕೆ 1982ರಲ್ಲಿ ಪಾಲ್ ಅಪಲ್‌ಬಾಮ್ ಮತ್ತು ಜೊತೆಗಾರರು ‘ಥೆರಪ್ಯೂಟಿಕ್ ಮಿಸ್‌ಕನ್ಸೆಪ್ಷನ್’ ಅಂತ ಹೆಸರಿಟ್ರು. ಇಂಗ್ಲಿಷಿನವರು ಆ ತಪ್ಪು ಕಲ್ಪನೆಗೆ ಹೆಸರಿಡಬೇಕಾಯ್ತು, ನಾವು ಅದನ್ನ ತಲೆಬರಹದಲ್ಲೇ ಹಂಚ್ತಿದೀವಿ. ತಮಾಷೆ ಅಂದ್ರೆ ಸಂಸ್ಕೃತದಲ್ಲಿ ಇದೇ ಚಿಕಿತ್ಸೆಗೆ ಒಂದು ‘ವಿ’ ಸೇರಿಸಿದ್ರೆ ವಿಚಿಕಿತ್ಸೆ, ಅಂದ್ರೆ ಸಂದೇಹ! ಟ್ರಯಲ್‌ಗೆ ಸರಿಯಾದ ಪದ ಅದೇ, ಆದ್ರೆ ಯಾರಿಗೂ ತಿಳಿಯಲ್ಲ.

ನನಗೆ ಹೊಳೆದದ್ದು ‘ಒರೆಗೆ ಹಚ್ಚೋದು’. ಒರೆಗಲ್ಲಿಗೆ ಹಚ್ಚೋದು ಚಿನ್ನಾನ, ಚಿನ್ನ ತಂದವನ್ನಲ್ಲ. ಅದು ಅಪ್ಪಟವೋ ಅಲ್ವೋ ಗೊತ್ತಿಲ್ಲ ಅನ್ನೋದೂ ಆ ಮಾತಿನೊಳಗೇ ಇದೆ. "ಈ ಅಧ್ಯಯನದಲ್ಲಿ ಒರೆಗೆ ಹಚ್ಚೋದು ಮದ್ದನ್ನ, ನಿಮ್ಮನ್ನಲ್ಲ" ಅಂತ ಒಂದು ಸಾಲು ಬರೆದೆ, ನನಗಂತೂ ಖುಷಿಯಾಯ್ತು, ಅತ್ತಿಗೆ ಮಾತ್ರ "ಭಾಷಣದ ತರ ಇದೆ ಕಣೋ" ಅಂದ್ರು. ಹಾಗಾಗಿ ತಲೆಬರಹ ಈಗ ಹೀಗಿದೆ: "ತಲೆಗೆ ಪೆಟ್ಟು ಬಿದ್ದಮೇಲೆ ಶುರುವಾಗಿ ಬಿಡದ ತಲೆನೋವು: ಈ ಇಂಜೆಕ್ಷನ್‌ಗಳು ಕೆಲಸ ಮಾಡುತ್ತವೆಯೇ ಎಂದು ತಿಳಿಯುವ ಅಧ್ಯಯನ". ಉದ್ದ ಆಯ್ತು, ಆದ್ರೆ ಪ್ರಶ್ನೆ ಪ್ರಶ್ನೆಯಾಗೇ ಉಳಿದಿದೆ.

ಇನ್ನು ಪ್ಲಸೀಬೋ, ಅಂದ್ರೆ ಹೋಲಿಸಿ ನೋಡೋಕೆ ಕೊಡೋ, ಒಳಗೆ ಮದ್ದೇ ಇಲ್ಲದ ಇಂಜೆಕ್ಷನ್ನೋ ಮಾತ್ರೆಯೋ. ಎಲ್ಲರೂ ‘ಹುಸಿಮದ್ದು’ ಅಂತಾರೆ, ನಾನೂ ಇಷ್ಟು ದಿನ ಹಾಗೇ ಬರೀತಿದ್ದೆ. ರೋಗಿ ಜಾಗದಲ್ಲಿ ನಿಂತು ಓದಿ ನೋಡಿ, "ನಿಮಗೆ ಹುಸಿಮದ್ದು ಸಿಗಬಹುದು". ಮೋಸ ಮಾಡ್ತಾರೆ ಅನ್ಸುತ್ತೆ. ಲ್ಯಾಟಿನ್ ಪದದಲ್ಲಿ ಮೋಸ ಇಲ್ಲ, ಪ್ಲಸೀಬೋ ಅಂದ್ರೆ ‘ನಾನು ಹಿತವಾಗುವೆ’ ಅಂತ. ಮತ್ತೆ ಹುಸಿ ಅಂದ್ರೆ ಏನೂ ಆಗಲ್ಲ ಅಂತ ತಾನೇ, ಅದೂ ಸುಳ್ಳು. ಕ್ರಾನಿಕ್ ಮೈಗ್ರೇನಿನ ಪ್ರೀಎಂಪ್ಟ್ ಅನ್ನೋ ಎರಡು ದೊಡ್ಡ ಟ್ರಯಲ್‌ಗಳನ್ನ ಒಟ್ಟಿಗೆ ನೋಡಿದ್ರೆ 24ನೇ ವಾರಕ್ಕೆ ತಿಂಗಳಿನ (28 ದಿನದ) ತಲೆನೋವಿನ ದಿನಗಳು ಬೊಟುಲಿನಮ್ ಪಡೆದವರಲ್ಲಿ ಸರಾಸರಿ 8.4 ಕಡಿಮೆ ಆದ್ರೆ ಬರೀ ಸಲೈನ್ ಚುಚ್ಚಿಸ್ಕೊಂಡವರಲ್ಲಿ 6.6 ಕಡಿಮೆ ಆಗಿತ್ತು. ಉಪ್ಪುನೀರಿಗೆ ಆರೂವರೆ ದಿನ! ಇದರಲ್ಲಿ ನೋವು ತಾನಾಗೇ ಇಳಿದದ್ದೂ ಸೇರಿರುತ್ತೆ, ಆದ್ರೂ ಸೂಜಿಗೇ ಒಂದು ತೂಕ ಇದೆ, ಮೈಗ್ರೇನಿನಲ್ಲಿ ಪ್ಲಸೀಬೋ ಇಂಜೆಕ್ಷನ್ನು ಪ್ಲಸೀಬೋ ಮಾತ್ರೆಗಿಂತ ಹೆಚ್ಚು ಜನಕ್ಕೆ ಆರಾಮ ಕೊಟ್ಟಿದ್ದು ದಾಖಲಾಗಿದೆ. ಹಾಗಿರುವಾಗ ಸಲೈನ್ ತಗೊಂಡು ನಿಜವಾಗ್ಲೂ ನೋವು ಇಳಿದವರಿಗೆ "ನಿಮಗೆ ಕೊಟ್ಟಿದ್ದು ಹುಸಿ" ಅಂದ್ರೆ ನಿಮ್ಮ ನೋವೇ ಹುಸಿ ಅಂದ ಹಾಗೆ ಕೇಳುತ್ತೆ, ಮೊದಲೇ ಸ್ಕ್ಯಾನ್ ನಾರ್ಮಲ್ ಅಂತ ಮನೆಯವರೇ ಅನುಮಾನದಿಂದ ನೋಡ್ತಿರೋ ಜನ ಇವರು. ನನ್ನ ಆಯ್ಕೆ ‘ಹೋಲಿಕೆಯ ಇಂಜೆಕ್ಷನ್’, ಪಕ್ಕದಲ್ಲೇ ಬಿಡಿಸಿ "ಇದರಲ್ಲಿ ಮದ್ದು ಇರಲ್ಲ, ಸಲೈನ್ ಇರುತ್ತೆ". ಯಾರಿಗೆ ಯಾವುದು ಅನ್ನೋದಕ್ಕೆ ‘ಯಾದೃಚ್ಛಿಕ’ ಕಿತ್ತು "ಚೀಟಿ ಎತ್ತಿದ ಹಾಗೆ" ಅಂತ ಹಾಕಿದೀನಿ, ಅದರಲ್ಲಿ ನನಗೆ ಅನುಮಾನ ಇಲ್ಲ.

ಕೊನೇದು ಡಬಲ್ ಬ್ಲೈಂಡ್, ಅಂದ್ರೆ ಯಾರಿಗೆ ಯಾವ ಇಂಜೆಕ್ಷನ್ ಅಂತ ಸೇರಿದವರಿಗೂ ಡಾಕ್ಟರಿಗೂ ಗೊತ್ತಾಗದ ಹಾಗೆ ನಡೆಸೋದು. ‘ಇಮ್ಮಡಿ ಕುರುಡು’ ಅಂತ ಒಂದು ಕಡೆ ನೋಡ್ದೆ, ದೇವರೇ. ಇಂಗ್ಲಿಷಲ್ಲೂ ಕಣ್ಣಿನ ಕಾಯಿಲೆ ಟ್ರಯಲ್‌ಗಳಲ್ಲಿ ಬ್ಲೈಂಡ್ ಬದಲು ಮಾಸ್ಕ್ಡ್ ಅಂತಾರೆ. ನಮಗೆ ಕಣ್ಣಿನ ಗೊಡವೆ ಯಾಕೆ, ಗುಟ್ಟು ಅನ್ನೋ ಪದ ಇದೆಯಲ್ಲ, "ಯಾವ ಇಂಜೆಕ್ಷನ್ ಅನ್ನೋದು ನಿಮಗೂ ಗುಟ್ಟು, ಡಾಕ್ಟರಿಗೂ ಗುಟ್ಟು". ಇದರ ಲಾಭ ಗೊತ್ತಾಗಿದ್ದು ಮುಂದಿನ ಪುಟದಲ್ಲಿ, ಅಲ್ಲಿ ‘ಅನ್‌ಬ್ಲೈಂಡಿಂಗ್’ ಬಂತು. ಬೊಟುಲಿನಮ್ ಹಾಕಿಸ್ಕೊಂಡೋರಿಗೆ ಹಣೆ ಸುಕ್ಕು ಮಾಯ ಆಗಿ ಕನ್ನಡಿ ನೋಡಿದ್ರೇ ಗೊತ್ತಾಗಿಬಿಡಬಹುದು, ಲಿಡೋಕೇನ್ ಬಿದ್ದೋರಿಗೆ ಹೆಡತಲೆ ಮರಗಟ್ಟಿ ಗೊತ್ತಾಗುತ್ತೆ, ಇಂಥ ಟ್ರಯಲ್‌ಗಳ ದೊಡ್ಡ ತಲೆನೋವೇ ಅದು. ಅದಕ್ಕೆ ಕನ್ನಡದಲ್ಲಿ ರೆಡಿಯಾಗಿ ಕೂತಿದೆ, ಗುಟ್ಟು ರಟ್ಟಾಗೋದು. ಆದ್ರೆ ಎಥಿಕ್ಸ್ ಕಮಿಟಿಗೆ ಹೋಗೋ ಪತ್ರದಲ್ಲಿ "ಗುಟ್ಟು ರಟ್ಟಾದಲ್ಲಿ ಸಂಶೋಧಕರಿಗೆ ತಿಳಿಸಿ" ಅಂತ ಬರೆದ್ರೆ ಪತ್ತೇದಾರಿ ಕಾದಂಬರಿ ತರ ಆಗುತ್ತಾ? ನನಗೆ ನಗು ಬರ್ತಿದೆ, ಆದ್ರೂ ತೆಗೆಯೋಕೆ ಮನಸ್ಸಿಲ್ಲ. ಹೆಡತಲೆ, ಹೋಲಿಕೆಯ ಇಂಜೆಕ್ಷನ್, ಗುಟ್ಟು ರಟ್ಟು, ಈ ಮೂರರ ಬಗ್ಗೆ ನಿಮ್ಮ ಮನೇಲಿ ಯಾರಿಗಾದ್ರೂ ಜೋರಾಗಿ ಓದಿ ಹೇಳಿ ಅವರು ಏನಂದ್ರು ಅಂತ ಬರೀರಿ, ನಿಘಂಟು ನೋಡಿ ಹೇಳೋದು ಬೇಡ, ಅದನ್ನ ನಾನೇ ನೋಡಿದೀನಿ.