ಗ್ರೂಪ್ ಥೆರಪಿಗೆ ಸೇರಲಾ, ವೆಲ್‌ನೆಸ್ ಕ್ಲಾಸ್ ಸಾಕಾ? ಒಬ್ಬರ ಮುಂದೆಯೇ ಬಾಯಿ ಬಾರದವಳ ಪ್ರಶ್ನೆ

ಕಿಟಕಿಪಕ್ಕ:

ಎಂಎಸ್ಸಿ ಎರಡನೇ ವರ್ಷದಲ್ಲಿದ್ದೇನೆ. ಕಳೆದ ಸೆಮಿಸ್ಟರ್‌ನಿಂದ ನಿದ್ದೆ ಹಾಳಾಗಿದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಬೆಳಗಿನ ತನಕ ಸೀಲಿಂಗ್ ನೋಡುವುದೇ ಕೆಲಸ. ಸೆಮಿನಾರ್‌ನಲ್ಲಿ ನನ್ನ ಸರದಿ ಹತ್ತಿರ ಬಂದರೆ ಕೈ ತಣ್ಣಗಾಗುತ್ತದೆ. ಹೋದ ತಿಂಗಳು ಸರದಿ ಬರುವ ಮೊದಲೇ ಫೋನ್ ಬಂದ ಹಾಗೆ ನಟಿಸಿ ಎದ್ದು ಹೊರಗೆ ಹೋದೆ. ಫೋನ್ ಸ್ವಿಚ್ ಆಫ್ ಆಗಿತ್ತು. ಪಕ್ಕದವಳು ಅದನ್ನು ನೋಡಿದಳು ಅಂತ ನನಗೆ ಈಗಲೂ ಅನುಮಾನ.

ಕೊನೆಗೆ ಧೈರ್ಯ ಮಾಡಿ ಯೂನಿವರ್ಸಿಟಿಯ ಕೌನ್ಸೆಲಿಂಗ್ ಸೆಂಟರ್‌ಗೆ ಹೋದೆ. ಒಂದು ಫಾರಂ ಕೊಟ್ಟರು. ಒಂಬತ್ತು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ನನಗೆ 11 ಬಂತು. ಮಧ್ಯಮ ಮಟ್ಟದ ಖಿನ್ನತೆ ಅಂದರು. ಒಬ್ಬರೇ ಕೂತು ಕೌನ್ಸೆಲರ್ ಜೊತೆ ಮಾತಾಡಬೇಕು ಅಂದರೆ ಆರು ವಾರ ಕಾಯಬೇಕಂತೆ. ಅಲ್ಲಿವರೆಗೆ ಎರಡು ದಾರಿ ತೋರಿಸಿದರು. ಒಂದು, 10 ವಾರದ ಗ್ರೂಪ್ ಥೆರಪಿ: ವಾರಕ್ಕೊಮ್ಮೆ ಒಂದೂವರೆ ಗಂಟೆ, ಎಂಟು ವಿದ್ಯಾರ್ಥಿಗಳು, ಇಬ್ಬರು ಕೌನ್ಸೆಲರ್‌ಗಳು. ಇನ್ನೊಂದು, ಆರು ವಾರದ ವೆಲ್‌ನೆಸ್ ಕ್ಲಾಸ್: ನಿದ್ದೆ, ಉಸಿರಾಟ, ಚಿಂತೆ ಹೀಗೆ ವಾರಕ್ಕೊಂದು ವಿಷಯ. ಅದರಲ್ಲಿ 40 ಜನ ಇರುತ್ತಾರೆ, ಹಿಂದಿನ ಸಾಲಲ್ಲಿ ಕೂರಬಹುದು. ಸತ್ಯ ಹೇಳಬೇಕೆಂದರೆ ಆ ಹಿಂದಿನ ಸಾಲೇ ನನ್ನನ್ನು ಕರೆಯುತ್ತಿದೆ.

ಆದರೆ ಅಲ್ಲಿನ ಮೇಡಂ ನನಗೆ ಗ್ರೂಪ್ ಒಳ್ಳೆಯದು ಅಂತ ಎರಡು ಸಲ ಹೇಳಿದರು. ಮಾತಾಡಲು ಹೆದರುವವಳನ್ನು ಎಂಟು ಜನರ ನಡುವೆ ಕೂರಿಸುವುದು ಬಾಣಲೆಯಿಂದ ಬೆಂಕಿಗೆ ಹಾಕಿದ ಹಾಗಲ್ವಾ? ನನ್ನ ಡಿಪಾರ್ಟ್‌ಮೆಂಟಿನವರೇ ಯಾರಾದರೂ ಅಲ್ಲಿದ್ದರೆ? ಮಾತಾಡಲೇಬೇಕು ಅಂತ ಒತ್ತಾಯ ಮಾಡುತ್ತಾರಾ? ಹಾಗೆ ನೋಡಿದರೆ ನನ್ನದು ಅಂಥ ದೊಡ್ಡ ಕಷ್ಟವೇನಲ್ಲ. ನಿಜವಾಗಿ ಕಷ್ಟದಲ್ಲಿರುವವರ ಜಾಗ ನಾನು ತಿಂದ ಹಾಗಾಗುತ್ತದೇನೋ. ಹೋಗಿ ಬಂದವರು ಇದ್ದರೆ ಹೇಳಿ. ಅರ್ಜೆಂಟ್ ಏನಿಲ್ಲ ಬಿಡಿ.

ಅಲಾರಂಗೆಮೊದಲು:

ನಾನು ಕ್ಲಾಸಿಗೆ ಹೋಗಿದ್ದೆ, ಗ್ರೂಪಿಗಲ್ಲ. ನಿದ್ದೆಗೆ ನಿಜಕ್ಕೂ ಉಪಯೋಗವಾಯಿತು. ಅವರು ಹೇಳಿದ್ದು ಇಷ್ಟೇ: ರಾತ್ರಿ ಎಷ್ಟೊತ್ತಿಗೆ ಮಲಗಿದರೂ ಬೆಳಗ್ಗೆ ಏಳುವ ಹೊತ್ತು ಒಂದೇ ಇರಲಿ. ಹಾಸಿಗೆ ಮೇಲೆ ಓದಬೇಡಿ, ಲ್ಯಾಪ್‌ಟಾಪ್ ಇಟ್ಟುಕೊಳ್ಳಬೇಡಿ. ಎಚ್ಚರವಾಗಿ ಸುಮಾರು 20 ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂತು, ನಿದ್ದೆ ಬಂದಾಗ ವಾಪಸ್ ಬನ್ನಿ. ಹಾಸಿಗೆ ಕಂಡರೆ ಮೆದುಳಿಗೆ ನಿದ್ದೆ ನೆನಪಾಗಬೇಕು, ಸೀಲಿಂಗ್ ಅಲ್ಲ. ಮೊದಲ ವಾರ ನಾನು ಪ್ರೇತದ ಹಾಗೆ ಓಡಾಡಿದೆ. ಮೂರನೇ ವಾರಕ್ಕೆ ಸರಿಹೋಯಿತು.

ಚಿಂತೆಗೆ ಸಂಜೆ 15 ನಿಮಿಷ ಮೀಸಲಿಡಿ ಅಂದರು. ಬೇರೆ ಹೊತ್ತಲ್ಲಿ ಬಂದ ಚಿಂತೆಯನ್ನು ಒಂದು ಚೀಟಿಯಲ್ಲಿ ಬರೆದು ಸಂಜೆಗೆ ತಳ್ಳುವುದು. ಕೇಳಿದಾಗ ನಗು ಬಂತು. ಸಂಜೆ ಚೀಟಿ ತೆಗೆದರೆ ಅರ್ಧ ಚಿಂತೆಗಳು ಯಾಕೆ ಬರೆದೆ ಅಂತಲೇ ನೆನಪಿರುತ್ತಿರಲಿಲ್ಲ. ಕೊನೆಯ ಎರಡು ವಾರ ಧ್ಯಾನ. ಜಾನ್ ಕಬಟ್-ಜಿನ್ ಅನ್ನುವವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆಸ್ಪತ್ರೆಯ ರೋಗಿಗಳಿಗೆ ಶುರು ಮಾಡಿದ ಎಂಟು ವಾರದ ಕ್ರಮದ ಚಿಕ್ಕ ರೂಪ ಅಂದರು. ಅದು ಮಾತ್ರ ನನಗೆ ಹಿಡಿಸಲಿಲ್ಲ. ಕಣ್ಣು ಮುಚ್ಚಿದರೆ ಗೊರಕೆ.

ಒಂದು ಮಾತು ಮಾತ್ರ ನಿಜ. ಆರು ವಾರ ಮುಗಿದಾಗ ನನಗೆ ಒಬ್ಬರ ಹೆಸರೂ ಗೊತ್ತಿರಲಿಲ್ಲ.

ಮೂರನೇಕುರ್ಚಿ:

ನಾನು ಗ್ರೂಪಿಗೆ ಹೋಗಿದ್ದೆ. ಪಿಎಚ್‌ಡಿ ಎರಡನೇ ವರ್ಷದಲ್ಲಿ, 12 ವಾರ. ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲ ದಿನ 20 ನಿಮಿಷ ಮುಂಚೆ ಹೋಗಿ ಬಾಗಿಲ ಪಕ್ಕದ ಕುರ್ಚಿ ಹಿಡಿದೆ. ಎದ್ದು ಓಡಲು ಸುಲಭ ಅಂತ. ಅದೇ ಕುರ್ಚಿಗೆ ಇನ್ನೂ ನಾಲ್ಕು ಜನ ಕಣ್ಣಿಟ್ಟಿದ್ದರು ಅಂತ ಗೊತ್ತಾಗಿದ್ದು ಹತ್ತನೇ ವಾರದಲ್ಲಿ. ನಡುವೆ ಒಂದು ಪುಟ್ಟ ಮೇಜು, ಮೇಲೊಂದು ಟಿಶ್ಯೂ ಡಬ್ಬ. ಅದನ್ನು ಮೊದಲು ಮುಟ್ಟಿದವರು ಸೋತ ಹಾಗೆ ಅಂತ ಎಲ್ಲರೂ ಒಳಗೊಳಗೇ ಅಂದುಕೊಂಡಿದ್ದೆವೇನೋ. ಎರಡನೇ ವಾರ ಒಬ್ಬ ಹುಡುಗನಿಗೆ ಅಳು ಬಂತು. ಡಬ್ಬ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಅವನು ಅಂಗಿಯ ತೋಳಲ್ಲೇ ಒರೆಸಿಕೊಂಡ. ಯಾರೂ ಏನೂ ಅನ್ನಲಿಲ್ಲ. ಕೌನ್ಸೆಲರ್ ಕೂಡ ಸುಮ್ನೆ ಇದ್ದರು. ಆಗ ನನಗೆ ಸಿಟ್ಟು ಬಂದಿತ್ತು, ಇವರು ಇರುವುದೇ ಯಾತಕ್ಕೆ ಅಂತ.

ಮೊದಲ ಮೂರು ವಾರ ದಂಡ ಅನ್ನಿಸುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಎಲ್ಲರೂ ಪರೀಕ್ಷೆ, ಗೈಡು, ಹಾಸ್ಟೆಲ್ ರೂಂಮೇಟು ಅಂತ ಮೇಲ್ಮೇಲೆ ಮಾತಾಡಿ ಗಡಿಯಾರ ನೋಡುತ್ತಾರೆ. ಮೂರನೇ ವಾರ ಮುಗಿಸಿ ಬಂದು, ಇನ್ನು ಬರುವುದಿಲ್ಲ ಅಂತ ಈಮೇಲ್ ಬರೆದಿಟ್ಟಿದ್ದೆ. ಕಳಿಸಲಿಲ್ಲ. ಸೋಮಾರಿತನ, ಬೇರೇನಲ್ಲ.

ಐದನೇ ವಾರ ನಾನು ನನ್ನ ಥೀಸಿಸ್ ಬಗ್ಗೆ ಏನೋ ಹೇಳುತ್ತಿದ್ದೆ. ಎಂಟು ತಿಂಗಳಿಂದ ಒಂದು ಅಧ್ಯಾಯವೂ ಮುಗಿದಿಲ್ಲ ಅಂತ. ಎದುರಿಗೆ ಕೂತಿದ್ದ ಡಿಗ್ರಿ ಹುಡುಗಿ, ನನಗಿಂತ ಏಳು ವರ್ಷ ಚಿಕ್ಕವಳು, ಇದ್ದಕ್ಕಿದ್ದ ಹಾಗೆ ಹೇಳಿದಳು: "ಅಕ್ಕ, ನೀವು ಏನೇ ಹೇಳಿದ್ರೂ ಕೊನೆಗೆ 'ಏನಿಲ್ಲ ಬಿಡಿ' ಅಂತೀರಿ. ನಾನು ಏನಾದ್ರೂ ಕೇಳೋಣ ಅಂದ್ಕೊಳ್ಳೋ ಅಷ್ಟರಲ್ಲಿ ನೀವು ಬಾಗಿಲು ಹಾಕ್ಕೊಂಡಿರ್ತೀರಿ."

ನನಗೆ ಮುಖ ಬಿಸಿಯಾಯಿತು. ಹಾಗೇನಿಲ್ಲ ಬಿಡಿ ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಆ ಕೌನ್ಸೆಲರ್, ಅದುವರೆಗೆ ಗೋಡೆಯ ಹಾಗೆ ಕೂತಿದ್ದವರು, ಒಂದೇ ಪ್ರಶ್ನೆ ಕೇಳಿದರು: "ಬಾಗಿಲು ತೆರೆದೇ ಇಟ್ಟಿದ್ದರೆ ಯಾರು ಒಳಗೆ ಬರ್ತಾರೆ ಅಂತ ಭಯ?" ಉತ್ತರ ಕೊಡಲಾಗಲಿಲ್ಲ. ಆ ದಿನ ಟಿಶ್ಯೂ ಡಬ್ಬ ಮುಟ್ಟಿದವಳು ನಾನೇ.

ಅದೇ ವಾರ ಗೈಡ್ ಹತ್ತಿರ ಹೋದೆ. ಅಧ್ಯಾಯ ಎಲ್ಲಿಗೆ ಬಂತು ಅಂದರು. "ಏನಿಲ್ಲ ಸರ್, ಸ್ವಲ್ಪ..." ಅಂತ ಬಾಯಿಗೆ ಬಂದೇಬಿಟ್ಟಿತು. ಎಂಟು ತಿಂಗಳಿಂದ ಅವರಿಗೂ ಅದನ್ನೇ ಹೇಳುತ್ತಿದ್ದೆ ಅಂತ ಹೊಳೆದದ್ದು ಆಗ. ಡೇಟಾ ಅರ್ಥವಾಗುತ್ತಿಲ್ಲ, ಸಹಾಯ ಬೇಕು ಅಂದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಇನ್ನೊಂದು ಕುರ್ಚಿ ಎಳೆದರು.

ಕ್ಲಾಸಿನಲ್ಲಿ ಇದನ್ನು ಯಾರೂ ನನಗೆ ತೋರಿಸಲು ಆಗುತ್ತಿರಲಿಲ್ಲ. ಸ್ಲೈಡಿನಲ್ಲಿ ನಾನಿರುವುದಿಲ್ಲವಲ್ಲ. ನಿದ್ದೆಗೆ ಕ್ಲಾಸ್ ಚೆನ್ನಾಗಿದೆ, ಖಂಡಿತ ಹೋಗಿ. ಆದರೆ ಸೆಮಿನಾರಿನಿಂದ ಎದ್ದು ಹೋಗುವ ಕಷ್ಟ ಬರುವುದು ಜನರ ನಡುವೆ. ಅದು ಬಯಲಾಗುವುದೂ ಅಲ್ಲೇ.

ಅಂದಹಾಗೆ ಕಿಟಕಿಪಕ್ಕ ಅವರೇ, ನಿಮ್ಮ ಪ್ರಶ್ನೆಯ ಕೊನೆಯ ಸಾಲು ಇನ್ನೊಮ್ಮೆ ಓದಿ.

ವೃತ್ತದಂಚು:

ನಾನು ಕೌನ್ಸೆಲರ್. ಒಂಬತ್ತು ವರ್ಷಗಳಿಂದ ವಿದ್ಯಾರ್ಥಿಗಳ ಗ್ರೂಪ್ ನಡೆಸುತ್ತಿದ್ದೇನೆ. ಮೇಲಿನವರು ಸಿಟ್ಟಾದ ಆ ಗೋಡೆ ನಾನೂ ಆಗಿರಬಹುದಿತ್ತು. ಸುಮ್ಮನಿರುವುದು ನಮಗೂ ಸುಲಭವಲ್ಲ, ಆದರೆ ನಾವು ತಕ್ಷಣ ಸಮಾಧಾನ ಮಾಡಿದರೆ ಉಳಿದ ಏಳು ಜನರಿಗೆ ಆ ಅವಕಾಶ ಹೋಗುತ್ತದೆ.

ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ಗುರುತಿನವರು ಇದ್ದರೆ ಏನು ಅಂತ ಕೇಳಿದ್ದೀರಿ. ಗ್ರೂಪ್ ಶುರುವಾಗುವ ಮೊದಲು ಕೌನ್ಸೆಲರ್ ಒಬ್ಬೊಬ್ಬರನ್ನೇ ಕರೆದು ಮಾತಾಡುತ್ತಾರೆ, ಅರ್ಧ ಗಂಟೆ ಮುಕ್ಕಾಲು ಗಂಟೆ. ಅಲ್ಲಿ ನಿಮ್ಮ ಡಿಪಾರ್ಟ್‌ಮೆಂಟ್, ಹಾಸ್ಟೆಲ್ ಹೇಳಿ, ಇಂಥವರು ಇದ್ದರೆ ನನಗೆ ಆಗುವುದಿಲ್ಲ ಅಂತ ನೇರವಾಗಿ ಹೇಳಿ. ಬೇರೆಯವರ ಹೆಸರು ಅವರು ನಿಮಗೆ ಹೇಳುವಂತಿಲ್ಲ, ಆದರೆ ನಿಮ್ಮನ್ನು ಬೇರೆ ಗ್ರೂಪಿಗೆ ಹಾಕಬಹುದು. ಆ ಭೇಟಿ ಇಲ್ಲದೆ ನೇರ ವೃತ್ತದಲ್ಲಿ ಕೂರಿಸಿದರೆ ನನಗಂತೂ ಅನುಮಾನ ಬರುತ್ತದೆ.

ಇಲ್ಲಿ ಕೇಳಿದ್ದು ಇಲ್ಲೇ ಇರಬೇಕು ಅನ್ನುವುದು ಎಲ್ಲ ಗ್ರೂಪಿನ ಮೊದಲ ನಿಯಮ. ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ಕೌನ್ಸೆಲರ್ ಮೇಲೆ ವೃತ್ತಿಯ ಕಟ್ಟುಪಾಡು ಇದೆ. ಜೊತೆಗೆ ಕೂತ ವಿದ್ಯಾರ್ಥಿಗಳು ಕೊಡುವುದು ಬರೀ ಮಾತು. ಹೆಚ್ಚಿನವರು ಉಳಿಸಿಕೊಳ್ಳುತ್ತಾರೆ. ಆದರೂ ಮೊದಲ ದಿನವೇ ಎಲ್ಲ ಬಿಚ್ಚಿಡಬೇಡಿ, ನಂಬಿಕೆ ಬಂದಷ್ಟು ಹೇಳಿ. ಯಾರದಾದರೂ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಕೌನ್ಸೆಲರ್ ಗುಟ್ಟು ಮುರಿಯಬೇಕಾಗುತ್ತದೆ, ಅದನ್ನೂ ಮೊದಲೇ ಹೇಳಿರುತ್ತಾರೆ. ಮಾತಿನ ಒತ್ತಾಯ ಇಲ್ಲ. ಇವತ್ತು ನಾನು ಕೇಳುತ್ತೇನೆ ಅಂದರೆ ಸಾಕು.

ಬೇರೆಯವರ ಜಾಗ ತಿನ್ನುವ ಮಾತು ಪ್ರತಿ ವರ್ಷ ಕೇಳುತ್ತೇನೆ. ಒಂದೇ ಗ್ರೂಪಿನ ಎಂಟು ಜನರಲ್ಲಿ ಆರು ಜನ ನನಗೆ ಇದನ್ನೇ ಹೇಳಿದ್ದಿದೆ, ಒಬ್ಬರಿಗೊಬ್ಬರು ಗೊತ್ತಿಲ್ಲದೆ. ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆಯೊಂದರಲ್ಲಿ ಎಂಟು ದೇಶಗಳ 19 ಕಾಲೇಜು, ಯೂನಿವರ್ಸಿಟಿಗಳ ಮೊದಲ ವರ್ಷದವರನ್ನು, ಹತ್ತಿರ ಹತ್ತಿರ 14,000 ಜನರನ್ನು, ಕೇಳಿದ್ದರು. 2018ರಲ್ಲಿ ಅದರ ಫಲಿತಾಂಶ ಬಂತು. ಸುಮಾರು ಮೂವರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ, ಆತಂಕದಂಥ ಸಮಸ್ಯೆಯ ಲಕ್ಷಣಗಳು ಇದ್ದವು. ನನಗೊಬ್ಬನಿಗೇ ಹೀಗೆ ಅನ್ನುವ ಭಾವನೆ ಕರಗುವುದನ್ನು ಮನೋವೈದ್ಯ ಇರ್ವಿನ್ ಯಾಲೊಮ್ ಗುಂಪು ಚಿಕಿತ್ಸೆ ಕೆಲಸ ಮಾಡುವ 11 ಕಾರಣಗಳಲ್ಲಿ ಒಂದಾಗಿ ಸೇರಿಸಿದ್ದಾರೆ. 1905ರಲ್ಲಿ ಬೋಸ್ಟನ್ನಿನ ಡಾಕ್ಟರ್ ಜೋಸೆಫ್ ಪ್ರಾಟ್ ಬಡ ಕ್ಷಯರೋಗಿಗಳನ್ನು ಒಟ್ಟಿಗೆ ಕೂರಿಸಿ ಪಾಠ ಹೇಳಲು ಶುರು ಮಾಡಿದಾಗ ಅವರ ಉದ್ದೇಶ ವಿಶ್ರಾಂತಿ, ಶುಚಿತ್ವ ಕಲಿಸುವುದಷ್ಟೇ ಆಗಿತ್ತು. ಪಾಠಕ್ಕಿಂತ ಒಟ್ಟಿಗೆ ಕೂತದ್ದು ಅವರಿಗೆ ಬಲ ಕೊಡುತ್ತಿದೆ ಅಂತ ಆಮೇಲೆ ಕಂಡಿತು. ಅಂದರೆ ಗ್ರೂಪ್ ಥೆರಪಿ ಹುಟ್ಟಿದ್ದೇ ಒಂದು ಕ್ಲಾಸಿನಿಂದ!

ಇನ್ನೊಂದು ಮಾತು, ನನ್ನ ಕಸುಬಿಗೆ ವಿರುದ್ಧವಾದರೂ ಹೇಳಬೇಕು. ಜನರ ಮುಂದೆ ಮಾತಾಡುವ ಭಯ ತೀರಾ ಜಾಸ್ತಿ ಇದ್ದರೆ ಒಬ್ಬೊಬ್ಬರಿಗೇ ಕೊಡುವ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ, ಮೊದಲ ಆಯ್ಕೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿಯೂ ಹಾಗೇ ಹೇಳುತ್ತದೆ. ಆದ್ದರಿಂದ ಆರು ವಾರದ ಸರದಿಯಿಂದ ಹೆಸರು ತೆಗೆಸಬೇಡಿ. ಗ್ರೂಪಿನಲ್ಲಿ ಇದ್ದುಕೊಂಡೇ ಕಾಯಿರಿ. ಇನ್ನು ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಗ್ರೂಪೂ ಬೇಡ, ಕಾಯುವುದೂ ಬೇಡ. ಆ ಫಾರಂನ ಒಂಬತ್ತನೇ ಪ್ರಶ್ನೆ ಅದೇ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಹಾಕಿದ್ದರೆ ಇವತ್ತೇ ಸೆಂಟರ್‌ಗೆ ಹೋಗಿ ಹೇಳಿ.

ನಾಲ್ಕೇವಾರ:

ಎಲ್ಲರೂ ಹೊಗಳುತ್ತಿದ್ದೀರಿ, ಹಾಗಾಗಿ ನನ್ನದೂ ಇರಲಿ. ನಾನು ನಾಲ್ಕು ವಾರಕ್ಕೆ ಬಿಟ್ಟೆ. ನಮ್ಮ ಗ್ರೂಪಿನಲ್ಲಿ ಒಬ್ಬ ಇದ್ದ, ಒಂದೂವರೆ ಗಂಟೆಯಲ್ಲಿ ಒಂದು ಗಂಟೆ ಅವನದೇ. ಪ್ರತಿ ವಾರ ಅದೇ ಬ್ರೇಕಪ್. ನಡೆಸುವವರು ತಲೆ ಆಡಿಸುತ್ತಿದ್ದರೇ ಹೊರತು ತಡೆಯುತ್ತಿರಲಿಲ್ಲ. ನಾನು ಹೋದದ್ದು ನನ್ನ ಕಥೆ ಹೇಳಲು, ಬಂದದ್ದು ಅವನ ಕಥೆ ಬಾಯಿಪಾಠ ಮಾಡಿಕೊಂಡು. ನಡೆಸುವವರು ಚೆನ್ನಾಗಿಲ್ಲದಿದ್ದರೆ ಗ್ರೂಪ್ ಅನ್ನುವುದು ಬರೀ ಮೀಟಿಂಗ್.

ಮೂರನೇಕುರ್ಚಿ:

ನಾಲ್ಕೇವಾರ, ಅಂಥವನು ನಮ್ಮಲ್ಲೂ ಇದ್ದ. ಆರನೇ ವಾರ ಒಬ್ಬಳು ಅವನಿಗೆ "ನೀನು ಮಾತಾಡುವಾಗ ನಾನು ಇಲ್ಲಿ ಇಲ್ಲವೇ ಇಲ್ಲ ಅನ್ನಿಸುತ್ತೆ" ಅಂದಳು. ಅವನಿಗೆ ಅದುವರೆಗೆ ಯಾರೂ ಹಾಗೆ ಹೇಳಿರಲಿಲ್ಲವಂತೆ. ಆದರೆ ನಮ್ಮ ಕೌನ್ಸೆಲರ್ ಅವಳ ಮಾತಿಗೆ ಜಾಗ ಮಾಡಿಕೊಟ್ಟರು, ನಿಮ್ಮವರು ಮಾಡಲಿಲ್ಲ. ಅದು ನಿಮ್ಮ ತಪ್ಪಲ್ಲ. ನಾನಾಗಿದ್ದರೂ ಬಿಡುತ್ತಿದ್ದೆ.

ಕಿಟಕಿಪಕ್ಕ:

ಎಲ್ಲರಿಗೂ ಥ್ಯಾಂಕ್ಸ್. ಕೊನೆಯ ಸಾಲು ಓದಿದೆ. ಓದಿ ಫೋನ್ ಮಗುಚಿ ಇಟ್ಟೆ.

ಎರಡಕ್ಕೂ ಸೇರಿದ್ದೇನೆ. ಒಂಬತ್ತನೇ ಪ್ರಶ್ನೆಗೆ ನಾನು ಸೊನ್ನೆ ಹಾಕಿದ್ದು, ಅದು ನಿಜವೂ ಹೌದು, ಗಾಬರಿಯಾಗಬೇಡಿ. ಮೊದಲ ಭೇಟಿಯಲ್ಲಿ ಡಿಪಾರ್ಟ್‌ಮೆಂಟ್ ಹೆಸರು ಹೇಳಿದೆ. ಮೇಡಂ ಪಟ್ಟಿ ನೋಡಿ, ಏನೂ ಹೇಳದೆ, ಬುಧವಾರದ ಬದಲು ಗುರುವಾರ ಬನ್ನಿ ಅಂದರು. ಒಬ್ಬರೇ ಜಾಸ್ತಿ ಮಾತಾಡಿದರೆ ನೀವು ತಡೆಯುತ್ತೀರಾ ಅಂತಲೂ ಕೇಳಿದೆ. ನಕ್ಕು ಹೌದು ಅಂದರು. ಸರದಿಯಲ್ಲಿ ಹೆಸರು ಹಾಗೇ ಇದೆ.

ಮೊನ್ನೆ ಗುರುವಾರ ಮೊದಲ ಸಲ ಹೋಗಿದ್ದೆ. 25 ನಿಮಿಷ ಮುಂಚೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಆಗಲೇ ಯಾರೋ ಕೂತಿದ್ದರು.