ಸಹಾಯ ಬೇಕು: ಅಪ್ಪನ ಆಪರೇಷನ್‌ಗೆ ಮುಂಚಿನ ಊಟ, ವ್ಯಾಯಾಮದ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾವು ಬಸವನಗುಡಿಯವರು. ಅಪ್ಪನಿಗೆ 67 ವರ್ಷ, ಮೂತ್ರಕೋಶದ ಕ್ಯಾನ್ಸರ್. ಕೀಮೋ ಮುಗಿದಿದೆ, ಇನ್ನು ನಾಲ್ಕು ವಾರಕ್ಕೆ ಆಪರೇಷನ್. ಮೂತ್ರಕೋಶ ಪೂರ್ತಿ ತೆಗೆದು, ಸಣ್ಣ ಕರುಳಿನ ತುಂಡೊಂದರಿಂದ ಹೊಟ್ಟೆಯ ಮೇಲೆ ಮೂತ್ರ ಹೊರಬರಲು ದಾರಿ ಮಾಡಿ, ಅದು ತುಂಬಲು ಚೀಲ ಅಂಟಿಸುತ್ತಾರೆ.

ಅಷ್ಟರೊಳಗೆ ಮೈಯಲ್ಲಿ ಕಸುವು ತುಂಬಬೇಕು ಅಂದಿದ್ದಾರೆ ಡಾಕ್ಟರು. ಡಯಟೀಷಿಯನ್ ಹೇಳಿದ್ದು ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್. ಅಪ್ಪ 58 ಕೆಜಿ, ಅಂದರೆ ದಿನಕ್ಕೆ 70 ಗ್ರಾಂ ಆದರೂ ಬೇಕು. ನಮ್ಮದು ಮೊಟ್ಟೆಯೂ ಮುಟ್ಟದ ಮನೆ. ಕೀಮೋ ಆದಮೇಲೆ ಅವರ ಬಾಯಿಗೆ ಯಾವುದೂ ರುಚಿಸುತ್ತಿಲ್ಲ. ತಿಳಿಸಾರು ಅನ್ನ, ಮಜ್ಜಿಗೆ ಅಷ್ಟೇ. ಹೆಸರುಬೇಳೆ ಪೊಂಗಲ್, ಪನೀರ್, ಹುರಿಗಡಲೆ ಪುಡಿ ಎಲ್ಲ ಮಾಡಿ ನೋಡಿದೆವು. ಬಲವಂತ ಮಾಡಿದರೆ ತಟ್ಟೆ ಸರಿಸಿಬಿಡುತ್ತಾರೆ, ಅಮ್ಮ ಅಡುಗೆಮನೆಗೆ ಹೋಗಿ ಅಳುತ್ತಾಳೆ.

ಸಿಗರೇಟು ಬಿಟ್ಟು ಎರಡು ತಿಂಗಳಾಯಿತು, ಅದೊಂದು ದೊಡ್ಡ ನೆಮ್ಮದಿ. ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ 20 ನಿಮಿಷ ನಡೆಯುತ್ತಾರೆ, ಮನೆಯಲ್ಲಿ ಮೂರು ಚೆಂಡಿನ ಸ್ಪೈರೋಮೀಟರ್‌ನಲ್ಲಿ (ಶ್ವಾಸಕೋಶದ ವ್ಯಾಯಾಮದ ಸಾಧನ) ಉಸಿರು ಎಳೆಯುತ್ತಾರೆ. ಕಾಲಿನ ಬಲಕ್ಕೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಈಗಷ್ಟೇ ಶುರು.

ಇದೇ ಆಪರೇಷನ್ ಆದವರು, ಅವರ ಮನೆಯವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಹಸಿವೇ ಇಲ್ಲದಾಗ ಸಸ್ಯಾಹಾರದಲ್ಲಿ ಏನು ಒಗ್ಗಿತು? ಆಪರೇಷನ್ ಆದಮೇಲೆ ಚೀಲದ ಜೊತೆ ನಡೆಯುವುದು ಹೇಗೆ ರೂಢಿಯಾಯಿತು? ಚೀಲದ ಜಾಗದಲ್ಲಿ ಹರ್ನಿಯಾ (ಒಳಗಿನ ಕರುಳು ಹೊರಗೆ ಉಬ್ಬುವುದು) ಆಗದಂತೆ ಹೊಟ್ಟೆಗೆ ಬೆಲ್ಟ್ ಬಳಸಿದಿರಾ? ಜಯನಗರ, ಬನಶಂಕರಿ ಕಡೆ ಮನೆಗೇ ಬರುವ, ಕ್ಯಾನ್ಸರ್ ರೋಗಿಗಳನ್ನು ನೋಡಿಕೊಂಡ ಅನುಭವವಿರುವ ಫಿಸಿಯೋಥೆರಪಿಸ್ಟ್ ಗೊತ್ತಿದ್ದರೆ ಮೆಸೇಜ್ ಮಾಡಿ. ಏನೇ ಹೇಳಿದರೂ ಡಾಕ್ಟರನ್ನು ಕೇಳಿಯೇ ಶುರು ಮಾಡುತ್ತೇವೆ.